ಊಟದ ಖರ್ಚು ಕೂಲಿಗೆ ಸೇರುತ್ತಾ? ಒಂದು ಆನ್‌ಲೈನ್ ಕೋರ್ಸ್ ರಿಪೇರಿಯ ದಿನಚರಿ

ಮೇ ಕೊನೆಯ ವಾರ

"ಮೇಡಂ, ನಮ್ಮಲ್ಲಿ ಅಡಿಕೆ ಸುಲಿಯೋಕೆ ಬರೋರಿಗೆ ಮಧ್ಯಾಹ್ನ ಊಟ, ಎರಡು ಹೊತ್ತು ಚಾ ಕೊಡ್ತೇವೆ. ಅದರ ಖರ್ಚು ಕೂಲಿಗೆ ಸೇರುತ್ತಾ, ಓವರ್‌ಹೆಡ್‌ಗೆ ಹೋಗುತ್ತಾ?"

ಹೋದ ವರ್ಷದ ಬ್ಯಾಚಿನ ಕೋರ್ಸ್ ತೆರೆದು ಒಂದೊಂದೇ ಪುಟ ನೋಡುತ್ತಿದ್ದೆ. ಚರ್ಚೆಯ ವಿಭಾಗದಲ್ಲಿ ಈ ಪ್ರಶ್ನೆ ಸಿಕ್ಕಿತು. (ಓವರ್‌ಹೆಡ್ ಅಂದರೆ ಒಂದೇ ಕೆಲಸಕ್ಕೆ ಇಷ್ಟು ಅಂತ ನೇರವಾಗಿ ಹಚ್ಚಲಾಗದ, ಹಂಚಬೇಕಾದ ಖರ್ಚು.) ಮೂರನೇ ವಾರದಲ್ಲಿ ಹಾಕಿದ್ದು. ಕೆಳಗೆ ಉತ್ತರಗಳು: 0. ಕೇಳಿದ್ದು ಶಿರಸಿ ಕಡೆಯ ವಿದ್ಯಾರ್ಥಿನಿ. ಲಾಗ್, ಅಂದರೆ ಯಾರು ಯಾವಾಗ ಯಾವ ಪುಟ ತೆರೆದರು ಅನ್ನುವ ದಾಖಲೆ, ತೆಗೆದು ನೋಡಿದೆ. ಪ್ರಶ್ನೆ ಹಾಕಿದ ಮೇಲೆ ಅವರು ನಾಲ್ಕು ಸಲ ಬಂದು ಅದೇ ಪುಟ ತೆರೆದಿದ್ದಾರೆ. ಐದನೇ ಸಲ ಬಂದಿಲ್ಲ. ಪರೀಕ್ಷೆಗೂ ಕೂತಿಲ್ಲ.

ಇಡೀ ಕೋರ್ಸಿನಲ್ಲಿ ಅಷ್ಟು ಒಳ್ಳೆಯ ಪ್ರಶ್ನೆ ಇನ್ನೊಂದಿರಲಿಲ್ಲ. ಅದನ್ನು ನಾನೂ ನೋಡಿರಲಿಲ್ಲ. ರಿಪೇರಿ ಅಲ್ಲಿಂದಲೇ ಶುರುವಾಯಿತು.

ನಾನು ಕಲಿಸುವುದು ಆನ್‌ಲೈನ್ ಎಂ.ಕಾಂ.ನ ಕಾಸ್ಟ್ ಅಕೌಂಟಿಂಗ್, ಅಂದರೆ ಒಂದು ವಸ್ತು ಮಾಡಲು ಎಷ್ಟು ಖರ್ಚು ಬೀಳುತ್ತದೆ ಅನ್ನುವ ಲೆಕ್ಕ. 12 ವಾರ, 4 ಕ್ರೆಡಿಟ್. 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ವೇದಿಕೆಯಲ್ಲಿ ನಾಲ್ಕು ಭಾಗದ ಒಂದು ಅಚ್ಚು ಇದೆಯಲ್ಲ, ವಿಡಿಯೊ, ಓದುವ ಸಾಮಗ್ರಿ, ಮೌಲ್ಯಮಾಪನ, ಚರ್ಚೆ ಅಂತ, ನಮ್ಮದನ್ನೂ ಅದರಲ್ಲೇ ಎರಕ ಹೊಯ್ದಿದ್ದೆವು. ಕೋರ್ಸ್ ನಡೆಯುವುದು ಆನ್‌ಲೈನ್ ಪಾಠ ನಡೆಸುವ ತಂತ್ರಾಂಶ ಮೂಡಲ್‌ನಲ್ಲಿ, ನೇರ ತರಗತಿ ವಿಡಿಯೊ ಸಭೆಯ ತಂತ್ರಾಂಶ ಬಿಗ್‌ಬ್ಲೂಬಟನ್‌ನಲ್ಲಿ. ಓದುವವರು ಹೆಚ್ಚಿನವರು ಕೆಲಸದಲ್ಲಿರುವವರು. ಬ್ಯಾಂಕಿನವರು, ಪಂಚಾಯಿತಿ ಕಚೇರಿಯವರು, ಅಂಗಡಿ ನೋಡಿಕೊಳ್ಳುವವರು, ಮಗು ಮಲಗಿದ ಮೇಲೆ ಓದುವ ತಾಯಂದಿರು. ದುಬೈಯಲ್ಲಿ ಅಕೌಂಟೆಂಟ್ ಆಗಿರುವವರೊಬ್ಬರು.

ಮೊದಲ ಕೆಲಸ, ಕೋರ್ಸಿನಲ್ಲಿರುವ ಎಲ್ಲವನ್ನೂ ಒಂದು ಹಾಳೆ ಮೇಲೆ ಬರೆದೆ. ವಿಡಿಯೊ, ಪಿಡಿಎಫ್, ಕ್ವಿಜ್, ಅಸೈನ್‌ಮೆಂಟ್, ನೇರ ತರಗತಿ. ಒಟ್ಟು 71. ದೂರಶಿಕ್ಷಣದ ಬಗ್ಗೆ ಕೆಲಸ ಮಾಡಿದ ಅಮೆರಿಕದ ಮೈಕೆಲ್ ಮೂರ್ 1989ರಲ್ಲೇ ಒಂದು ಸರಳ ವಿಂಗಡಣೆ ಕೊಟ್ಟಿದ್ದರು. ಕಲಿಯುವವರಿಗೂ ಪಾಠಕ್ಕೂ ನಡುವಿನ ಒಡನಾಟ, ಕಲಿಯುವವರಿಗೂ ಕಲಿಸುವವರಿಗೂ ನಡುವಿನದು, ಕಲಿಯುವವರ ಒಳಗೊಳಗಿನದು. ಪ್ರತಿ ಸಾಲಿನ ಮುಂದೆ ಇವುಗಳಲ್ಲಿ ಯಾವುದು ಅಂತ ಗುರುತು ಹಾಕಿದೆ. ಪಾಠದ ಜೊತೆ 64. ನನ್ನ ಜೊತೆ 6, ಅಂದರೆ ನೇರ ತರಗತಿಗಳು. ಒಬ್ಬರೊಬ್ಬರ ಜೊತೆ 1.

ಆ ಒಂದು ಯಾವುದು ಅಂದರೆ "ನಿಮ್ಮ ಪರಿಚಯ ಮಾಡಿಕೊಳ್ಳಿ". ಅದನ್ನೂ ತೆರೆದೆ. ಎಲ್ಲರೂ ಹೆಸರು, ಊರು, ಡಿಗ್ರಿ ಮಾಡಿದ ಕಾಲೇಜು ಬರೆದಿದ್ದಾರೆ. ಎಲ್ಲರೂ ನನಗೇ ಬರೆದಿದ್ದಾರೆ. "ನಮಸ್ತೆ ಮೇಡಂ" ಅಂತ ಶುರು, "ಧನ್ಯವಾದ ಮೇಡಂ" ಅಂತ ಮುಗಿತಾಯ. ಅಕ್ಕಪಕ್ಕದ ತಾಲ್ಲೂಕಿನವರೇ ಮೇಲೆ ಕೆಳಗೆ ಬರೆದಿದ್ದರೂ ಒಬ್ಬರು ಇನ್ನೊಬ್ಬರನ್ನು ಮಾತಾಡಿಸಿಲ್ಲ.

ನೀವೂ ಆನ್‌ಲೈನ್ ಕಲಿಸುವವರಾದರೆ ಈ ಎಣಿಕೆ ಒಮ್ಮೆ ಮಾಡಿ ನೋಡಿ. ಅರ್ಧ ಗಂಟೆ ಸಾಕು.

ಜೂನ್ ಮೊದಲ ವಾರ

ಶಿರಸಿಯ ಆ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಏನು ಹೇಳುವುದು ಅಂತ ಗೊತ್ತಿರಲಿಲ್ಲ. "ನಿಮ್ಮ ಪ್ರಶ್ನೆಗೆ ಉತ್ತರ ಕೊಡೋದು ಬಾಕಿ ಇತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ಅದು ನೆನಪಿದ್ಯಾ ನಿಮಗೆ?" ಅಂದರು.

ಉತ್ತರ ಕೊಟ್ಟೆ. ಊಟ, ಚಾ ಕೊಡುತ್ತೇವೆ ಅಂತ ಮಾತಾಡಿಕೊಂಡೇ ಕೂಲಿ ನಿಗದಿ ಮಾಡಿದ್ದರೆ, ಇಷ್ಟು ಜನಕ್ಕೆ ಇಷ್ಟು ಅಂತ ಲೆಕ್ಕ ಸಿಗುವ ಹಾಗಿದ್ದರೆ, ಅದು ಸುಲಿಯುವ ಕೂಲಿಯ ಭಾಗವೇ. ಮನೆಯವರಿಗೂ ತೋಟದ ಆಳುಗಳಿಗೂ ಸುಲಿಯುವವರಿಗೂ ಒಂದೇ ಒಲೆಯಲ್ಲಿ ಅಡುಗೆಯಾಗಿ, ಬೇರೆ ಮಾಡಲು ಬಾರದಿದ್ದರೆ ಅದನ್ನು ಓವರ್‌ಹೆಡ್ ಅಂತ ಹಿಡಿದು ಒಂದು ಅಳತೆ ಇಟ್ಟುಕೊಂಡು ಹಂಚಬೇಕು.

ಅವರು ಕೂಡಲೇ ಮರುಪ್ರಶ್ನೆ ಹಾಕಿದರು. "ಅಡುಗೆ ಮಾಡೋದು ನಮ್ಮ ಅತ್ತೆ. ಅವರ ಕೆಲಸದ ಲೆಕ್ಕ ಎಲ್ಲಿ ಬರುತ್ತೆ?"

ಕೋರ್ಸ್ ಯಾಕೆ ಬಿಟ್ಟರು ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. "ಒಬ್ಬಳೇ ಓದ್ತಾ ಇದ್ದೀನಿ ಅನ್ನಿಸಿತು ಮೇಡಂ. ನನ್ನ ಥರದವರು ಯಾರಾದ್ರೂ ಇದ್ದಾರಾ ಅಂತಲೂ ಗೊತ್ತಾಗಲಿಲ್ಲ." ಆ ಬ್ಯಾಚಿನಲ್ಲಿ ಸಾಗರದವರೊಬ್ಬರು, ತೀರ್ಥಹಳ್ಳಿಯವರೊಬ್ಬರು ಇದ್ದರು. ಇಬ್ಬರದೂ ಅಡಿಕೆ ಮನೆ. ಮೂವರೂ ಒಂದೇ ಪುಟಕ್ಕೆ ಬಂದು ಹೋಗಿದ್ದಾರೆ. ಲಾಗ್‌ನಲ್ಲಿ ಕಾಣುತ್ತದೆ.

ಆ ದಿನ ರಾತ್ರಿ ನಮ್ಮ ಚಿಕ್ಕಮ್ಮನ ನೆನಪಾಯಿತು. ಅವರು ಓದಿದ್ದು ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಲ್ಲಿ. 1969ರಲ್ಲಿ ಶುರುವಾದದ್ದು ಅದು, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ಪಾಠವೆಲ್ಲ ಅಂಚೆಯಲ್ಲಿ ಬರುತ್ತಿತ್ತು. ಚಿಕ್ಕಮ್ಮನಿಗೆ ಆ ಪಾಠದ ಒಂದು ಸಾಲೂ ಈಗ ನೆನಪಿಲ್ಲ. ಆದರೆ ಸಂಪರ್ಕ ತರಗತಿಗೆ ಹೋದಾಗ ಕೋಣೆ ಹಂಚಿಕೊಂಡ ಕೊಳ್ಳೇಗಾಲದ ಗೆಳತಿ ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾರೆ. ವರ್ಷಕ್ಕೆ ಕೆಲವೇ ದಿನ ಸಿಗುತ್ತಿದ್ದ ಜೊತೆ ಅದು. ನಮ್ಮ ಕೋರ್ಸ್ 24 ಗಂಟೆ ತೆರೆದಿರುತ್ತದೆ, ಜೊತೆ ಮಾತ್ರ ಇಲ್ಲ.

ಜೂನ್ ಎರಡನೇ ವಾರ

ಓದಿದೆ. ಜಾಸ್ತಿ ಅಲ್ಲ, ಕೈಗೆ ಕೆಲಸ ಕೊಡುವಷ್ಟು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದಲ್ಲಿದ್ದ ರ‍್ಯಾಂಡಿ ಗ್ಯಾರಿಸನ್, ಟೆರ್ರಿ ಆಂಡರ್ಸನ್, ವಾಲ್ಟರ್ ಆರ್ಚರ್ 2000ದಲ್ಲಿ ಒಂದು ಚೌಕಟ್ಟು ಮಾಡಿದರು. ಆನ್‌ಲೈನ್ ತರಗತಿಯಲ್ಲಿ ಮೂರು ಬಗೆಯ ಹಾಜರಿ ಬೇಕು ಅನ್ನುತ್ತಾರೆ. ಯೋಚನೆಯ ಹಾಜರಿ, ಕಲಿಸುವವರ ಹಾಜರಿ, ಮನುಷ್ಯರಾಗಿ ಒಬ್ಬರಿಗೊಬ್ಬರು ಕಾಣುವ ಹಾಜರಿ. ಈ ಮೂರು ಬೇರೆ ಬೇರೆ ಡಬ್ಬಿಗಳಲ್ಲ, ಒಂದರ ಮೇಲೊಂದು ಹಾಯುವ ವೃತ್ತಗಳು. ಇದು ನನಗೆ ಮುಖ್ಯವಾಯಿತು. ಪರಿಚಯದ ಪುಟ ಸೋತದ್ದು ಅದಕ್ಕೇ. ಅಲ್ಲಿ ಸೇರಿ ಮಾಡುವ ಕೆಲಸವೇ ಇರಲಿಲ್ಲ. ಮದುವೆ ಮನೆಯಲ್ಲಿ ಸುಮ್ನೆ ಕುರ್ಚಿ ಮೇಲೆ ಕೂತವರು ಪರಿಚಯ ಆಗುವುದಿಲ್ಲ. ಬಡಿಸಲು ನಿಂತವರು ಆಗುತ್ತಾರೆ.

ಇನ್ನೊಂದು ಸಂಗತಿ ತಿಳಿದು ಖುಷಿಯಾಯಿತು. ನಾವು ಬಳಸುವ ಮೂಡಲ್ ಕಟ್ಟಿದ ಮಾರ್ಟಿನ್ ಡೂಗಿಯಾಮಾಸ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂಟಿ ಜಾಗದಲ್ಲಿ. ಓದಿದ್ದು ರೇಡಿಯೊ ಶಾಲೆಯಲ್ಲಿ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆ ಬಗೆಯ ಶಾಲೆ ಮೊದಲು ಶುರುವಾಯಿತು. ನೂರಾರು ಕಿಲೋಮೀಟರ್ ದೂರದ ಮನೆಗಳಲ್ಲಿ ಕೂತ ಮಕ್ಕಳು, ಟೀಚರ್ ದನಿ ರೇಡಿಯೊದಲ್ಲಿ, ಮಕ್ಕಳು ಅದರಲ್ಲೇ ಉತ್ತರಿಸುತ್ತಿದ್ದರು. ಹಾಗಾದರೆ ದೂರ ಅನ್ನುವುದು ನೆಪ ಆಗಬಾರದು. ಅವರ ಹತ್ತಿರ ಬರೀ ದನಿ ಇತ್ತು. ನಮ್ಮ ಹತ್ತಿರ ಎಲ್ಲ ಇದೆ.

ಜೂನ್ ಕೊನೆ: ಕೆಲಸ ಬದಲಿಸಿದ್ದು

ಮೊದಲು ಪಠ್ಯದ ಅಸೈನ್‌ಮೆಂಟ್ ತೆಗೆದೆ. "ಎಕ್ಸ್ ಕಂಪನಿ 10,000 ಯೂನಿಟ್ ತಯಾರಿಸುತ್ತದೆ" ಅನ್ನುವ ಆ ಲೆಕ್ಕ ಎಲ್ಲರಿಗೂ ಒಂದೇ, ಉತ್ತರವೂ ಒಂದೇ. ಒಬ್ಬರಿಗೆ ಇನ್ನೊಬ್ಬರ ಅಗತ್ಯ ಬರುವುದು ನಕಲು ಮಾಡಲು ಮಾತ್ರ.

ಅದರ ಜಾಗದಲ್ಲಿ ಇಟ್ಟದ್ದು ಇಷ್ಟು. ನಿಮ್ಮ ಊರಿನಲ್ಲಿ ತಯಾರಾಗುವ ಒಂದು ವಸ್ತು ಆರಿಸಿ. ಅದನ್ನು ಮಾಡುವವರ ಹತ್ತಿರ ಹೋಗಿ ಮಾತಾಡಿ. ಒಂದು ಕಿಲೋಗೆ, ಒಂದು ಸೀರೆಗೆ, ಒಂದು ಡಜನ್‌ಗೆ ಎಷ್ಟು ಖರ್ಚು ಬೀಳುತ್ತದೆ ಅಂತ ಕಾಸ್ಟ್ ಶೀಟ್ ಮಾಡಿ. ನಾಲ್ಕನೇ ವಾರಕ್ಕೆ ಮೊದಲ ಕರಡು.

ಐದನೇ ವಾರ ಅದಲು ಬದಲು. ನಿಮ್ಮ ಗುಂಪಿನ ಒಬ್ಬರ ಶೀಟ್ ನಿಮಗೆ ಬರುತ್ತದೆ. ಅದರಲ್ಲಿ ಬಿಟ್ಟುಹೋದ ಒಂದು ಖರ್ಚನ್ನು ಹುಡುಕಬೇಕು. ಶೀಟ್ ನೋಡಿದರೆ ಮಾತ್ರ ಅದು ಸಿಗುವುದಿಲ್ಲ, ಬರೆದವರನ್ನು ಕೇಳಲೇಬೇಕು. ಆ ಮಾತುಕತೆಯಲ್ಲಿ ಏನು ತಿಳಿಯಿತು ಅಂತ ಹತ್ತು ಸಾಲು ಬರೆದರೆ ಅಂಕ.

ಹಿಂದೆ "ಇಬ್ಬರು ಸಹಪಾಠಿಗಳ ಬರಹಕ್ಕೆ ಪ್ರತಿಕ್ರಿಯಿಸಿ" ಅಂತ ಒಂದು ನಿಯಮ ಇಟ್ಟಿದ್ದೆ. "ತುಂಬಾ ಚೆನ್ನಾಗಿದೆ" ಅನ್ನುವುದು ಬಿಟ್ಟು ಬೇರೇನೂ ಬರಲಿಲ್ಲ. ತಪ್ಪು ವಿದ್ಯಾರ್ಥಿಗಳದ್ದಲ್ಲ. ಅಲ್ಲಿ ಇನ್ನೊಬ್ಬರ ಹತ್ತಿರ ತಿಳಿದುಕೊಳ್ಳಬೇಕಾದ್ದು ಏನೂ ಇರಲಿಲ್ಲ.

ಜುಲೈ: ಸ್ವಾಗತದ ಪ್ರಶ್ನೆಗಳು

ಹೊಸ ಬ್ಯಾಚ್, 78 ಜನ. ಮೊದಲ ದಿನ ಪರಿಚಯದ ಪುಟ ಇಲ್ಲ. ಅದರ ಬದಲು ನನಗೆ ಮಾತ್ರ ಕಾಣುವ ಆರು ಪ್ರಶ್ನೆ, ಮೂಡಲ್‌ನ ಫೀಡ್‌ಬ್ಯಾಕ್ ಬಳಸಿ. ನಿಮ್ಮನ್ನು ಏನಂತ ಕರೆಯಬೇಕು? ಓದಲು ಯಾವ ಹೊತ್ತು ಸಿಗುತ್ತದೆ? ಫೋನಾ, ಲ್ಯಾಪ್‌ಟಾಪಾ? ಡೇಟಾ ಹೇಗಿದೆ? ಪ್ರಶ್ನೆ ಕೇಳಲು ಯಾವ ಭಾಷೆ ಸಲೀಸು? ನನಗೆ ಗೊತ್ತಿದ್ದರೆ ಒಳ್ಳೆಯದು ಅನ್ನಿಸುವ ಬೇರೆ ಸಂಗತಿ ಇದೆಯಾ?

ಕೊನೆಯ ಪ್ರಶ್ನೆಯನ್ನು ಬಿಡುತ್ತಾರೆ ಅಂದುಕೊಂಡಿದ್ದೆ. ಹೆಚ್ಚಿನವರು ಬರೆದರು. "ಸೆಪ್ಟೆಂಬರ್‌ನಲ್ಲಿ ಹೆರಿಗೆ." "ಡಿಗ್ರಿ ಮುಗಿದು 14 ವರ್ಷ ಆಯಿತು, ಭಯ ಆಗುತ್ತೆ." "ರಾತ್ರಿ ಪಾಳಿ, ಹಗಲು ಫೋನ್ ಮಾಡಬೇಡಿ." ಎರಡು ಸಂಜೆ ಕೂತು ಎಲ್ಲವನ್ನೂ ಓದಿ ಒಂದು ನೋಟ್‌ಬುಕ್‌ನಲ್ಲಿ ಒಬ್ಬೊಬ್ಬರಿಗೆ ಎರಡು ಸಾಲು ಬರೆದುಕೊಂಡೆ. ಇಡೀ ರಿಪೇರಿಯಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಭಾಗ ಇನ್ನೊಂದಿಲ್ಲ. ಆಮೇಲೆ ಬರೆದ ಪ್ರತಿ ಉತ್ತರವನ್ನೂ ಆ ನೋಟ್‌ಬುಕ್ ತೆರೆದಿಟ್ಟುಕೊಂಡೇ ಬರೆದೆ.

ಭಾಷೆಯ ಪ್ರಶ್ನೆಗೆ ಬಂದ ಉತ್ತರ ಕಣ್ಣು ತೆರೆಸಿತು. ಚರ್ಚೆಯ ವಿಭಾಗದ ಸೂಚನೆಗಳೆಲ್ಲ ಇಂಗ್ಲಿಷ್‌ನಲ್ಲಿದ್ದವು. ಇಂಗ್ಲಿಷ್‌ನಲ್ಲೇ ಕೇಳಬೇಕೇನೋ, ವ್ಯಾಕರಣ ತಪ್ಪಿದರೆ ಎಲ್ಲರೆದುರು ಅವಮಾನ ಅಂತ ಎಷ್ಟೋ ಜನ ಸುಮ್ಮನಿದ್ದರು. ಕನ್ನಡದಲ್ಲಿ ಕೇಳಿ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡವೂ ಸರಿ, ದನಿ ಕಳಿಸಿದರೂ ಸರಿ ಅಂತ ಮೊದಲ ಸಾಲಿನಲ್ಲೇ ಹಾಕಿದೆ. ನಾನೂ ಹಾಗೇ ಬರೆದು ತೋರಿಸಿದೆ.

ಜುಲೈ ಮಧ್ಯ: ಗುಂಪು ಕೆಟ್ಟದ್ದು, ಸರಿಮಾಡಿದ್ದು

ಇದರ ಬಗ್ಗೆ ವಿವರವಾಗಿ ಬರೆಯಬೇಕು. ಇಲ್ಲಿ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಮೊದಲ ದಿನವೇ ಮೂಡಲ್‌ನ ತಾನಾಗಿ ಗುಂಪು ಮಾಡುವ ಸೌಲಭ್ಯದಲ್ಲಿ ಆರಾರು ಜನರ 13 ಗುಂಪು ಮಾಡಿದ್ದೆ. ಒಂದೇ ವಾರದಲ್ಲಿ ತೊಂದರೆ ಕಂಡಿತು. ಕೆಲವು ಗುಂಪಿನಲ್ಲಿ ನಾಲ್ಕು ಜನ ಇನ್ನೂ ಒಳಗೇ ಬಂದಿಲ್ಲ. ಬಂದ ಇಬ್ಬರು ಖಾಲಿ ಕೋಣೆಯಲ್ಲಿ ಕೂತ ಹಾಗೆ. ರಾಯಚೂರಿನ ಒಬ್ಬರು ಮೂರು ದಿನ ಬಿಡದೆ "ಯಾರಾದ್ರೂ ಇದ್ದೀರಾ?" ಅಂತ ಬರೆದಿದ್ದರು. ಅವರ ಕ್ಷಮೆ ಕೇಳಿದೆ.

ಎಲ್ಲ ಗುಂಪನ್ನೂ ಅಳಿಸಿದೆ. ಮೊದಲ ವಾರ ಒಂದು ಸಣ್ಣ ಕೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿ ಒಂದು ಲೋಟ ಚಹಾಕ್ಕೆ ಎಷ್ಟು ಖರ್ಚು? ಗ್ಯಾಸ್ ಸೇರಿಸಿ ಬರೆಯಿರಿ. 66 ಜನ ಬರೆದರು. ಆ 66 ಜನರಲ್ಲೇ 12 ಗುಂಪು, ಒಂದರಲ್ಲಿ ಐದು ಅಥವಾ ಆರು ಜನ. ಪ್ರತಿ ಗುಂಪಿನಲ್ಲೂ ಒಂದು ಜಾಗ ಖಾಲಿ ಬಿಟ್ಟೆ. ತಡವಾಗಿ ಬಂದವರು ಆಗಲೇ ಮಾತಾಡುತ್ತಿರುವ ಗುಂಪಿಗೆ ಸೇರುತ್ತಾರೆ, ಸತ್ತ ಗುಂಪಿಗಲ್ಲ.

ಊರಿನ ಪ್ರಕಾರ ಗುಂಪು ಮಾಡೋಣ ಅನ್ನಿಸಿತ್ತು. ಮಾಡಲಿಲ್ಲ. ಹೊತ್ತಿನ ಪ್ರಕಾರ ಮಾಡಿದೆ. ರಾತ್ರಿ ಒಂಬತ್ತರ ಮೇಲೆ ಓದುವವರು, ಬೆಳಿಗ್ಗೆ ಐದೂವರೆಗೆ ಏಳುವವರು, ಭಾನುವಾರ ಮಾತ್ರ ಸಿಗುವವರು. ಊರು ಬೇರೆ ಇದ್ದರೂ ನಡೆಯುತ್ತದೆ. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಅರ್ಧ ಗಂಟೆಯೊಳಗೆ ಉತ್ತರ ಕೊಟ್ಟರೆ ಅಲ್ಲಿ ಯಾರೋ ಇದ್ದಾರೆ ಅನ್ನುವ ನಂಬಿಕೆ ಹುಟ್ಟುತ್ತದೆ. ಆಮೇಲೆ ದಾವಣಗೆರೆಯವರು ಇಳಕಲ್‌ನವರ ಜೊತೆ ಸೇರಿದ್ದರಿಂದ ಇನ್ನೊಂದು ಲಾಭ ಆಯಿತು. ಗೊತ್ತಿಲ್ಲದ ಊರಿನವರು ಹೆಚ್ಚು ಪ್ರಶ್ನೆ ಕೇಳುತ್ತಾರೆ.

ವಾಟ್ಸ್‌ಆ್ಯಪ್ ಗುಂಪು ಮಾಡಿ ಅಂತ ತುಂಬಾ ಜನ ಕೇಳಿದರು. ಕೋರ್ಸಿನ ಕಡೆಯಿಂದ ನಾನು ಮಾಡಲಿಲ್ಲ. ಅಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಸಿಗುತ್ತದೆ. ಹಿಂದಿನ ಒಂದು ಬ್ಯಾಚಿನಲ್ಲಿ ಹಾಗೆ ಸಿಕ್ಕ ನಂಬರಿಗೆ ರಾತ್ರಿ ಹೊತ್ತು ಬೇಡದ ಮೆಸೇಜು ಬಂದು ಒಬ್ಬ ಹೆಣ್ಣುಮಗಳು ಕೋರ್ಸನ್ನೇ ಬಿಟ್ಟರು. ಐದಾರು ಜನರ ಗುಂಪು ತಾವೇ ಒಪ್ಪಿ ಮಾಡಿಕೊಂಡರೆ ಅದು ಅವರಿಗೆ ಬಿಟ್ಟದ್ದು. ಆದರೆ ಕೋರ್ಸಿನ ಯಾವ ಕೆಲಸಕ್ಕೂ ನಂಬರ್ ಕೊಡುವ ಅಗತ್ಯ ಇರಬಾರದು. ಇದರಲ್ಲಿ ನಾನು ಬಗ್ಗುವುದಿಲ್ಲ.

ಜುಲೈ ಕೊನೆ: ಅರ್ಧ ಗಂಟೆಯ ಕಗ್ಗಂಟು

ಚಹಾದ ಲೆಕ್ಕಕ್ಕೆ ಮೂಡಲ್‌ನ ಪ್ರಶ್ನೋತ್ತರ ಬಗೆಯ ಚರ್ಚೆ ಆರಿಸಿದ್ದೆ. ಅದರಲ್ಲಿ ನೀವು ಬರೆಯುವ ತನಕ ಬೇರೆಯವರದು ಕಾಣುವುದಿಲ್ಲ. ಮೊದಲು ಸ್ವಂತ ಯೋಚನೆ, ಆಮೇಲೆ ಬೇರೆಯವರದು. ವಿಚಾರ ಸರಿಯಾಗಿಯೇ ಇದೆ. ಆದರೆ ಮೊದಲ ರಾತ್ರಿಯೇ ದೂರು. "ಮೇಡಂ, ಬರೆದೆ, ಆದ್ರೂ ಏನೂ ಕಾಣ್ತಿಲ್ಲ."

ಹುಡುಕಿದಾಗ ಗೊತ್ತಾಯಿತು. ಬರೆದದ್ದನ್ನು ತಿದ್ದಲು ಮೂಡಲ್ 30 ನಿಮಿಷ ಅವಕಾಶ ಕೊಡುತ್ತದೆ. ಮೂಲ ಸೆಟ್ಟಿಂಗ್ ಅದು. ಆ ಹೊತ್ತು ಕಳೆದ ಮೇಲೆಯೇ ಬೇರೆಯವರ ಬರಹ ತೆರೆಯುತ್ತದೆ. ಇಲ್ಲದಿದ್ದರೆ ಏನಾದರೂ ಒಂದು ಅಕ್ಷರ ಹಾಕಿ, ಬೇರೆಯವರದನ್ನು ನೋಡಿ, ತಿದ್ದಿಬಿಡಬಹುದಲ್ಲ. ಕಾರಣ ನ್ಯಾಯವಾದದ್ದೇ. ನಾನು ಮೊದಲೇ ಹೇಳಬೇಕಿತ್ತು. ರಾತ್ರಿ ಹತ್ತಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಂದವರಿಗೆ ಆ ಕಾಯುವಿಕೆ ಅಂದರೆ ಬಾಗಿಲು ಮುಚ್ಚಿದ ಹಾಗೆ.

ಆ ಅವಧಿ ಇಡೀ ಸೈಟಿಗೆ ಒಂದೇ. ಬದಲಿಸಬೇಕಾದರೆ ಅಡ್ಮಿನ್ ಬೇಕು, ಉಳಿದ ಕೋರ್ಸುಗಳಿಗೂ ತಟ್ಟುತ್ತದೆ. ಅದಕ್ಕೆ ಕೈ ಹಾಕಲಿಲ್ಲ. ಗುಂಪಿನ ಚರ್ಚೆಗೆಲ್ಲ ಸಾಮಾನ್ಯ ಬಗೆಯನ್ನೇ ಇಟ್ಟು, "ಪ್ರತ್ಯೇಕ ಗುಂಪು" ಅಂತ ಮಾಡಿದೆ. ಐದಾರು ಜನರಿಗೆ ಮಾತ್ರ ಕಾಣುತ್ತದೆ. ಪ್ರಶ್ನೋತ್ತರದ ಬಗೆಯನ್ನು ಇಡೀ ಕೋರ್ಸಿನಲ್ಲಿ ಒಂದೇ ಕಡೆ ಉಳಿಸಿದೆ, ಮೇಲೆ ದಪ್ಪ ಅಕ್ಷರದಲ್ಲಿ: "ಬರೆದು ಅರ್ಧ ಗಂಟೆ ಬಿಟ್ಟು ಬನ್ನಿ."

ಆಗಸ್ಟ್: ದನಿ

ಅಸೈನ್‌ಮೆಂಟ್‌ಗೆ ಬರೆದು ಕೊಡುತ್ತಿದ್ದ ಟಿಪ್ಪಣಿ ನಿಲ್ಲಿಸಿ ದನಿಯಲ್ಲಿ ಹೇಳಲು ಶುರುಮಾಡಿದೆ. ಮೂಡಲ್ ಎಡಿಟರ್‌ನಲ್ಲೇ ರೆಕಾರ್ಡ್ ಮಾಡುವ ಬಟನ್ ಇದೆ. ಮೂಲ ಮಿತಿ ಎರಡು ನಿಮಿಷ. ಸೈಟ್ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಆಗಿರಬೇಕು, ಇಲ್ಲದಿದ್ದರೆ ಬ್ರೌಸರ್ ಮೈಕ್ ಕೊಡುವುದಿಲ್ಲ.

ಹೊತ್ತಿನ ಲೆಕ್ಕ ಹಾಕಿದೆ, ಕಾಸ್ಟ್ ಅಕೌಂಟಿಂಗ್ ಟೀಚರ್ ಅಲ್ವಾ. 66 ಜನ, ತಲೆಗೆ ಎರಡು ನಿಮಿಷ, 132 ನಿಮಿಷ. ಶೀಟ್ ಓದಲು ಹೇಗೂ ಹೊತ್ತು ಬೇಕು, ಅದು ಮೊದಲೂ ಇತ್ತು. ಟೈಪ್ ಮಾಡುವುದಕ್ಕಿಂತ ಕಡಿಮೆಯೇ ಆಯಿತು. ಹೆಸರು ಹಿಡಿದು ಕರೆದು, ಒಂದು ಒಳ್ಳೆಯ ಅಂಶ, ಒಂದು ಪ್ರಶ್ನೆ. ಪ್ರಶ್ನೆಯಲ್ಲೇ ಮುಗಿಸುವುದು ಮುಖ್ಯ. ಪ್ರಶ್ನೆ ಇದ್ದರೆ ಮರಳಿ ಬರುತ್ತಾರೆ.

ಹಾವೇರಿಯವರೊಬ್ಬರು ಮರು ದನಿ ಕಳಿಸಿದರು. ಹಿಂದೆ ಹಸು ಕೂಗುತ್ತಿತ್ತು. "ನಿಮ್ಮ ದನಿ ಕೇಳಿದ ಮೇಲೆ ನೀವು ನಿಜವಾಗ್ಲೂ ಓದಿದ್ದೀರಿ ಅಂತ ಗೊತ್ತಾಯ್ತು" ಅಂದರು.

ವಿಡಿಯೊ ವಿಚಾರ ಬೇಗ ಮುಗಿಸುತ್ತೇನೆ. 45 ನಿಮಿಷದ್ದನ್ನೆಲ್ಲ ಕತ್ತರಿಸಿದೆ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ವೇದಿಕೆಯ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ನೋಡಿ 2014ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಆರು ನಿಮಿಷ. ದೊಡ್ಡ ಸ್ಟುಡಿಯೊದಲ್ಲಿ ತೆಗೆದದ್ದಕ್ಕಿಂತ ಮೇಜಿನ ಮುಂದೆ ಕೂತು ಆಪ್ತವಾಗಿ ಮಾತಾಡಿದ್ದೇ ಹಿಡಿಸುತ್ತದೆ ಅಂತಲೂ ಅದರಲ್ಲಿದೆ. ನಮ್ಮ ಅಡುಗೆಮನೆಯಲ್ಲಿ ನಿಂತು ಚಹಾದ ಲೆಕ್ಕ ಹೇಳಿದ ಐದು ನಿಮಿಷದ ವಿಡಿಯೊ ಎಲ್ಲಕ್ಕಿಂತ ಹೆಚ್ಚು ಸಲ ತೆರೆದದ್ದು.

ಆಗಸ್ಟ್: ನೇರ ತರಗತಿ

ಮೊದಲು 90 ನಿಮಿಷ ನಾನೊಬ್ಬಳೇ ಮಾತಾಡುತ್ತಿದ್ದೆ. ಎಲ್ಲರ ಕ್ಯಾಮೆರಾ ಆಫ್. ಆನ್ ಮಾಡಿ ಅಂತ ಒತ್ತಾಯ ಮಾಡಿದ್ದೂ ಉಂಟು. ಈಗ ಮಾಡುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೊ ಸಭೆಯ ದಣಿವಿಗೆ ನಾಲ್ಕು ಕಾರಣ ಹೇಳಿದರು. ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ತನ್ನ ಮುಖವನ್ನೇ ನೋಡುತ್ತಾ ಕೂರುವುದು, ಅಲುಗಾಡದೆ ಕೂರುವುದು, ತಲೆಯಾಡಿಸುವುದನ್ನೂ ಪ್ರಯತ್ನಪಟ್ಟು ಮಾಡಬೇಕಾಗುವುದು. ನಮ್ಮವರಿಗೆ ಇನ್ನೂ ಎರಡಿವೆ. ಡೇಟಾ, ಮತ್ತು ಮನೆ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಯಾರು ಮಲಗಿದ್ದಾರೆ, ಗೋಡೆ ಹೇಗಿದೆ ಅಂತ ಎಲ್ಲರಿಗೂ ಯಾಕೆ ತೋರಿಸಬೇಕು?

ಈಗ 40 ನಿಮಿಷ. ಹತ್ತು ನಿಮಿಷ ನಾನು, 25 ನಿಮಿಷ ಮೂರು ಮೂರು ಜನರ ಸಣ್ಣ ಕೋಣೆಗಳು, ದನಿ ಮಾತ್ರ, ಕೊನೆಗೆ ಐದು ನಿಮಿಷ ಎಲ್ಲರೂ ಸೇರಿ.

ಮೊದಲ ಸಲ ಸಣ್ಣ ಕೋಣೆಗಳು ಪೂರ್ತಿ ಸೋತವು. "ಓವರ್‌ಹೆಡ್ ಬಗ್ಗೆ ಚರ್ಚಿಸಿ" ಅಂತ ಕಳಿಸಿದ್ದೆ. ಒಂದೊಂದೇ ಕೋಣೆಗೆ ಹೋಗಿ ನೋಡಿದರೆ ಮೌನ. ಎರಡನೇ ಸಲ ಒಂದೇ ಒಂದು ಕಾಸ್ಟ್ ಶೀಟ್ ಕೊಟ್ಟೆ, ಮೂರು ಜಾಗ ಖಾಲಿ ಬಿಟ್ಟು. ಒಬ್ಬರು ಓದುವುದು, ಒಬ್ಬರು ಬರೆಯುವುದು, ಒಬ್ಬರು "ಯಾಕೆ?" ಅಂತ ಕೇಳುವುದು. ಕೋಣೆಯಲ್ಲೇ ಹಂಚಿಕೊಂಡು ಬರೆಯುವ ಟಿಪ್ಪಣಿ ಇದೆ, ಅದರಲ್ಲಿ ತುಂಬಬೇಕು. ಐದನೇ ನಿಮಿಷಕ್ಕೆ ನಗುವಿನ ಸದ್ದು ಕೇಳಿತು. ಯಾಕೆ ಅಂತ ಕೇಳುವ ಪಾಲು ಸಿಕ್ಕ ಕೋಲಾರದ ಹುಡುಗ ಎಲ್ಲದಕ್ಕೂ ಯಾಕೆ ಅನ್ನುತ್ತಿದ್ದನಂತೆ.

ಆಗಸ್ಟ್: ಅದಲು ಬದಲು

ಇದಕ್ಕಾಗಿಯೇ ಇಷ್ಟೆಲ್ಲ ಕಟ್ಟಿದ್ದು.

ದಾವಣಗೆರೆಯವರು ಮಂಡಕ್ಕಿ ಭಟ್ಟಿಯ ಶೀಟ್ ಮಾಡಿದ್ದರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ಹಾಕಿ, ಕಾದ ಮರಳಿನಲ್ಲಿ ಹುರಿಯುವ ತನಕ ಪ್ರತಿ ಹಂತವೂ ಇತ್ತು. ಅವರ ಶೀಟ್ ಇಳಕಲ್‌ನವರಿಗೆ ಹೋಯಿತು. ಅವರು ಕೇಳಿದರು, "ಮಳೆಗಾಲದಲ್ಲಿ ಒಣಗಿಸೋದು ಹೆಂಗ್ರೀ? ಆ ದಿನ ಕೆಲಸ ಇಲ್ಲಂದ್ರೂ ಭಟ್ಟಿ ಬಾಡಿಗೆ ಕೊಡಬೇಕಲ್ಲ?" ಖಾಲಿ ಕೂತ ದಿನದ ಖರ್ಚು. ನಾನು ಏಳನೇ ವಾರದಲ್ಲಿ ಕಲಿಸಬೇಕಿದ್ದ ಪಾಠವನ್ನು ಐದನೇ ವಾರದಲ್ಲೇ ಅವರು ಮಾತಾಡಿ ಮುಗಿಸಿದ್ದರು.

ಇಳಕಲ್‌ನವರದು ಸೀರೆ. ನೂಲು, ಬಣ್ಣ, ನೇಯ್ಗೆ, ಸೆರಗಿನ ಎಳೆಗೂ ಮೈಯ ಎಳೆಗೂ ಕೊಂಡಿ ಹಾಕಿ ಜೋಡಿಸುವ ಕೆಲಸ, ಎಲ್ಲ ಬಂದಿತ್ತು. ಅದು ಚನ್ನಪಟ್ಟಣದ ವಿದ್ಯಾರ್ಥಿನಿಗೆ ಹೋಯಿತು, ಅವರ ಮನೆಯವರೇ ಆಟಿಕೆಗೆ ಅರಗಿನ ಬಣ್ಣ ಹಾಕುವವರು. ಆಕೆ ಕೇಳಿದ್ದು ಒಂದೇ ಪ್ರಶ್ನೆ, ನೇಯ್ಗೆಗೆ ನೂಲು ಸುತ್ತಿಡುವ ಕಂಡಿಕೆಯ ಬಗ್ಗೆ. "ಕಂಡಿಕೆ ಸುತ್ತೋದು ಯಾರು?"

ಮನೆಯ ಹೆಂಗಸರು. ಅದಕ್ಕೆ ಕೂಲಿ ಇಲ್ಲ. ಶೀಟ್‌ನಲ್ಲೂ ಇಲ್ಲ.

ಆ ಗುಂಪಿನಲ್ಲಿ ಎರಡು ರಾತ್ರಿ ಮಾತು ನಡೆಯಿತು. ದುಡ್ಡು ಕೊಡದ ಕೆಲಸಕ್ಕೆ ಖರ್ಚು ಅಂತ ಹಾಕಬಹುದಾ? ಹಾಕದಿದ್ದರೆ ಸೀರೆಯ ಬೆಲೆ ಸುಳ್ಳಾಗುವುದಿಲ್ಲವಾ? ಹೊರಗಿನವರಿಂದ ಸುತ್ತಿಸಿದರೆ ಎಷ್ಟಾಗುತ್ತದೆ ಅಂತ ಇಳಕಲ್‌ನವರು ಕೇಳಿಕೊಂಡು ಬಂದರು. ಅದನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದರು. ಪುಸ್ತಕದಲ್ಲಿ ಇದಕ್ಕೆ ಆರೋಪಿತ ವೆಚ್ಚ ಅನ್ನುತ್ತಾರೆ. ಆ ಹೆಸರನ್ನು ನಾನು ಮೂರನೇ ದಿನ ಹೇಳಿದೆ. ಆಗ ಚನ್ನಪಟ್ಟಣದವರು ಬರೆದರು: "ನಮ್ಮಮ್ಮನಿಗೆ ಈ ಶೀಟ್ ಓದಿ ಹೇಳಿದೆ. ಇಳಕಲ್‌ನಲ್ಲೂ ನಮ್ಮ ಹಾಗೇನಾ ಅಂದರು."

ಶಿರಸಿಯ ಅತ್ತೆಯ ಅಡುಗೆಗೂ ಉತ್ತರ ಇದೇ ಪಾಠದಲ್ಲಿತ್ತು.

ಸೆಪ್ಟೆಂಬರ್: ಕಾಣೆಯಾದವರು

ಪ್ರತಿ ಶುಕ್ರವಾರ ಸದಸ್ಯರ ಪಟ್ಟಿ ತೆರೆದು "ಇಷ್ಟು ದಿನದಿಂದ ಬಂದಿಲ್ಲ" ಅನ್ನುವ ಸೋಸುವಿಕೆ ಹಾಕುತ್ತೇನೆ. ಏಳು ದಿನ ದಾಟಿದವರಿಗೆ ಮೇಲ್ ಅಲ್ಲ, ಫೋನ್, ಅವರೇ ಬರೆದ ಹೊತ್ತಿನಲ್ಲಿ. "ಯಾಕೆ ಬಂದಿಲ್ಲ" ಅಂತ ಕೇಳುವುದಿಲ್ಲ, ಅದು ಹಾಜರಾತಿ ಕೇಳಿದ ಹಾಗಾಗುತ್ತದೆ. "ಹೇಗಿದ್ದೀರಿ? ನಿಮ್ಮ ಗುಂಪಿನವರು ಬೆಲ್ಲದ ಲೆಕ್ಕ ಎಲ್ಲಿಗೆ ಬಂತು ಅಂತ ಕೇಳ್ತಿದ್ದರು." ಇದು ನಿಜವಾಗಿದ್ದಾಗ ಮಾತ್ರ ಹೇಳುತ್ತೇನೆ.

ಒಬ್ಬರು ಒಂದು ಕ್ವಿಜ್‌ನಲ್ಲಿ ಕಡಿಮೆ ಬಂದದ್ದಕ್ಕೆ ಕೋರ್ಸಿನಿಂದಲೇ ಹೊರಗೆ ಅಂದುಕೊಂಡಿದ್ದರು. ಹೆರಿಗೆ ಅಂತ ಬರೆದವರಿಗೆ ಗುಂಪಿನವರು ವಾರವಾರದ ಸಾರಾಂಶ ದನಿಯಲ್ಲಿ ಕಳಿಸುತ್ತಿದ್ದರು. ನಾನು ಹೇಳಿರಲಿಲ್ಲ. ಮಗು ಎತ್ತಿಕೊಂಡು ಕೇಳುತ್ತೇನೆ ಅಂದರು.

ಅಕ್ಟೋಬರ್: ಏನು ಉಳಿಯಿತು

12 ಗುಂಪಿನಲ್ಲಿ ಎಂಟು ಚೆನ್ನಾಗಿ ನಡೆದವು. ಮೂರು ಕುಂಟುತ್ತಾ ಸಾಗಿದವು. ಒಂದು ಪೂರ್ತಿ ನಿಂತುಹೋಯಿತು. ಅದು ಭಾನುವಾರದ ಗುಂಪು. ವಾರಕ್ಕೊಂದೇ ದಿನ ಸಿಗುವವರಲ್ಲಿ ಒಬ್ಬರಿಗೆ ಒಂದು ಭಾನುವಾರ ತಪ್ಪಿದರೆ ಹದಿನಾಲ್ಕು ದಿನದ ಅಂತರ ಬೀಳುತ್ತದೆ. ಮುಂದಿನ ಸಲ ಭಾನುವಾರದವರನ್ನು ಬೇರೆ ಬೇರೆ ಗುಂಪಿಗೆ ಹಂಚುತ್ತೇನೆ. ದುಬೈಯವರು ರಾತ್ರಿ ಗುಂಪಿನಲ್ಲಿದ್ದರು. ಅಲ್ಲಿಯ ಗಡಿಯಾರ ಒಂದೂವರೆ ಗಂಟೆ ಹಿಂದೆ. ನಮ್ಮ ಒಂಬತ್ತು ಅಂದರೆ ಅವರಿಗೆ ಏಳೂವರೆ, ಆಫೀಸಿನಿಂದ ಹೊರಟಿರುವುದೇ ಇಲ್ಲ. ಅದನ್ನು ನಾನು ಯೋಚಿಸಿರಲಿಲ್ಲ, ಅವರು ಹೇಳಲೂ ಇಲ್ಲ. ಕೊನೆಯ ವಾರ ಗೊತ್ತಾಯಿತು.

ನನ್ನ ಹೊತ್ತು ಮೊದಲಿಗಿಂತ ಜಾಸ್ತಿಯೇ ಹೋಯಿತು, ಅದರಲ್ಲೂ ಮೊದಲ ಮೂರು ವಾರ. ಆಮೇಲೆ ಇಳಿಯಿತು. ನನಗೆ ಬರುತ್ತಿದ್ದ ಎಷ್ಟೋ ಪ್ರಶ್ನೆ ಗುಂಪಿನಲ್ಲೇ ತೀರುತ್ತಿತ್ತು. 300 ಜನರಿಗೆ ಇದೇ ಥರ ಒಬ್ಬರೇ ಮಾಡಲಾಗುವುದಿಲ್ಲ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಾಗಲೇ ಟಿವಿ ಪಾಠದ ಜೊತೆಗೆ ಟ್ಯೂಟರ್‌ಗಳನ್ನೂ ಇಟ್ಟಿತ್ತು. ಹೆಚ್ಚು ಜನರನ್ನು ಸೇರಿಸಿಕೊಳ್ಳುವುದಾದರೆ ಹೆಚ್ಚು ಕಲಿಸುವವರನ್ನೂ ಕೊಡಿ ಅಂತ ನಮ್ಮ ವಿಭಾಗಕ್ಕೆ ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ.

ಪರೀಕ್ಷೆಯ ದಿನ ಹುಬ್ಬಳ್ಳಿ ಕೇಂದ್ರದಲ್ಲಿ ನಾನಿದ್ದೆ. ಬಾಗಿಲ ಹತ್ತಿರ ಇಬ್ಬರು ನಿಂತಿದ್ದರು, ಒಬ್ಬರನ್ನೊಬ್ಬರು ನೋಡಿದರೂ ಗುರುತಿಲ್ಲ. ಒಬ್ಬರು ಫೋನಿನಲ್ಲಿ ಮಾತಾಡಲು ಶುರುಮಾಡಿದರು. ದನಿ ಕೇಳಿ ಇನ್ನೊಬ್ಬರು ತಿರುಗಿ, "ನೀವು ಮಂಡಕ್ಕಿಯವರಲ್ಲೇನ್ರೀ?" ಅಂದರು. ಚೀಲದಲ್ಲಿ ಎರಡು ಸೇರು ಮಂಡಕ್ಕಿ ಇತ್ತು, ಗುಂಪಿನವರಿಗೆ ಅಂತ ತಂದದ್ದು.

ಮುಂದಿನ ಬ್ಯಾಚ್ ಜನವರಿಯಲ್ಲಿ. ಸ್ವಾಗತದ ಪ್ರಶ್ನೆಗಳಿಗೆ "ನೀವಿರುವ ಜಾಗದ ಗಡಿಯಾರ ಈಗ ಎಷ್ಟು?" ಅಂತ ಏಳನೆಯದೊಂದು ಸೇರಿಸಿದ್ದೇನೆ. ಶಿರಸಿಯವರು ಮತ್ತೆ ಹೆಸರು ನೋಂದಾಯಿಸಿದ್ದಾರೆ. ಅಡಿಕೆ ಕೊಯ್ಲಿನ ಕಾಲ, ಹಗಲಿಗೆ ಬಿಡುವಿಲ್ಲ, ರಾತ್ರಿ ಗುಂಪಿಗೆ ಹಾಕಿ ಅಂದಿದ್ದಾರೆ.